ನಾಲ್ಕನೇ ನಂಬರಿನ ತಪ್ಪು

ಹಮ್ಮಾದನ ಮನೆಯಲ್ಲಿ ಶುಕ್ರವಾರ ಯಾರೂ ನೆಮ್ಮದಿಯಾಗಿ ಊಟ ಮಾಡಿದ್ದಿಲ್ಲ. ಜುಮಾ ನಮಾಜು ಮುಗಿಸಿ ಬಂದು, ನೆಲದ ಮೇಲೆ ಊಟದ ಸುಫ್ರಾ ಹಾಸಿ ಎಲ್ಲರೂ ಸುತ್ತ ಕೂತ ಕೂಡಲೇ ಅವನು ಚಮಚಗಳನ್ನು ಜೋಡಿಸಲು ಶುರು ಮಾಡುತ್ತಿದ್ದ. ನಾಲ್ಕು ಚಮಚ ನಾಲ್ಕು ಡಿಫೆಂಡರುಗಳು, ಉಪ್ಪಿನ ಡಬ್ಬಿ ಗೋಲ್‌ಕೀಪರ್, ನಿಂಬೆಹೋಳು ಚೆಂಡು. ಆ ಶುಕ್ರವಾರವಂತೂ ಸಂಜೆ ಐದಕ್ಕೆ ಮಗ ಸಾಲಿಮನ ಫೈನಲ್ ಪಂದ್ಯವಿತ್ತು. ಬಿರಿಯಾನಿ ಆರುತ್ತಿದ್ದರೂ ಹಮ್ಮಾದನಿಗೆ ಅದರ ಪರಿವೆ ಇರಲಿಲ್ಲ.

"ಇಲ್ಲಿ ನೋಡು. ಅವರ ಫಾರ್ವರ್ಡ್ ನಿನ್ನ ಬೆನ್ನ ಹಿಂದಿನಿಂದ ಓಡ್ಲಿಕ್ಕೆ ಕಾಯ್ತಾ ಇದ್ದಾನೆ. ಆಗ ನೀನು ಎಂತ ಮಾಡ್ಬೇಕು?"

"ಹಿಂದೆ ಓಡ್ಬೇಕು ಅಬ್ಬಾ," ಎಂದ ಸಾಲಿಮ್. "ಗುಲಾಮ್ ಸರ್ ಹಾಗೇ ಹೇಳಿದ್ದಾರೆ. ನಮ್ಮ ಬಲಗಡೆಯ ಹುಡುಗ ಹೊಸಬ. ಸರಿಯಾದ ಟೈಮಿಗೆ ಮುಂದೆ ಬರೋದಿಲ್ಲ. ಇವತ್ತು ಆಫ್‌ಸೈಡ್ ಆಟ ಬೇಡ ಅಂತ."

"ಗುಲಾಮ್ ಮುಹಮ್ಮದ್ ಶಾಲೆಯ ಪೀಟಿ ಮೇಷ್ಟ್ರು ಮಾರಾಯ. ಅವನಿಗೆಂತ ಗೊತ್ತುಂಟು? ಆ ಜಾಗದಲ್ಲಿ ಹನ್ನೆರಡು ವರ್ಷ ನಿಂತದ್ದು ಯಾರು? ನಾನು. ನೀನು ಕೈ ಎತ್ತು, ನಾಲ್ಕೂ ಜನ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಬನ್ನಿ. ಫಾರ್ವರ್ಡ್ ಹಿಂದೆ ಒಬ್ಬನೇ ಉಳೀತಾನೆ, ರೆಫ್ರಿ ಸೀಟಿ ಊದ್ತಾನೆ. ಕಥೆ ಮುಗೀತು."

"ನಮ್ಮಲ್ಲಿ ಒಬ್ಬ ಹಿಂದೆ ಉಳಿದ್ರೂ ಗೋಲಾಗ್ತದೆ."

"ಗೋಲಾದ್ರೆ ನನ್ನ ಹೆಸರು ಹೇಳು. ಅಬ್ಬಾ ಹೇಳಿದ್ದು ಅಂತ ಹೇಳು. ಆಯ್ತಲ್ಲ?"

ಹಮ್ಮಾದನ ತಾಯಿ ಖದೀಜತ್ ಕೈ ಚಾಚಿದಳು. "ಆ ಉಪ್ಪಿನ ಡಬ್ಬಿ ಇಲ್ಲಿ ಕೊಡು. ನಿನ್ನ ಗೋಲ್‌ಕೀಪರನ್ನು ಕಾಯ್ತಾ ಕೂತರೆ ನಾನು ಸಪ್ಪೆ ತಿಂದೇ ಸಾಯ್ಬೇಕು."

ಎಲ್ಲರೂ ನಕ್ಕರು. ಸಾಲಿಮನೂ ನಕ್ಕ, ನಂತರ ತಲೆಯಾಡಿಸಿದ. ಹನ್ನೆರಡು ವರ್ಷದ ತಂಗಿ ಅಫ್ರಾ ಚಮಚಗಳನ್ನು ಬಾಚಿ ತೆಗೆದಳು. ಆ ಮಾತಿಗೆ ಸಾಕ್ಷಿಯಾಗಿ ಅಲ್ಲಿ ಮನೆಯವರೆಲ್ಲ ಇದ್ದರು.

ಹಮ್ಮಾದ್ ಭಟ್ಕಳದವನು. ಗೋವಾದಲ್ಲಿ, ಆಮೇಲೆ ಕೋಲ್ಕತ್ತಾದಲ್ಲಿ ದೊಡ್ಡ ಕ್ಲಬ್ಬುಗಳಿಗೆ ಡಿಫೆಂಡರ್ ಆಗಿ ಆಡಿದವನು. ಭಾರತ ತಂಡದ ಶಿಬಿರದವರೆಗೂ ಹೋಗಿ ಬಂದಿದ್ದ. ಮೊಣಕಾಲು ಕೈಕೊಟ್ಟ ಮೇಲೆ ರಿಯಾದಿಗೆ ಬಂದು ಮಾವನ ಸೂಟ್‌ಕೇಸ್ ಅಂಗಡಿಯಲ್ಲಿ ಕೂತ. ಗಿರಾಕಿಗಳಿಗೆ ಝಿಪ್ ಎಳೆದು ತೋರಿಸುತ್ತಾ ಐದಾರು ವರ್ಷ ಕಳೆದ. ಅಷ್ಟರಲ್ಲಿ ಬೆಂಗಳೂರಿನ ಒಂದು ಕ್ರೀಡಾ ಚಾನೆಲ್ ಸೌದಿ ಲೀಗಿನ ಪಂದ್ಯಗಳನ್ನು ಕನ್ನಡ ಕಾಮೆಂಟರಿಯೊಂದಿಗೆ ತೋರಿಸಲು ಹೊರಟಿತು, ಇವನ ಅದೃಷ್ಟ ಖುಲಾಯಿಸಿತು. ಮನೆಮಾತು ನವಾಯತಿ, ಕನ್ನಡ ನಾಲಿಗೆಗೆ ಹೊರಳಬೇಕಲ್ಲ? ಅಂದಿನಿಂದ ರಿಯಾದಿನ ಮಲಾಜ್ ಬಡಾವಣೆಯ ಆ ಮನೆಯಲ್ಲಿ ಕನ್ನಡವನ್ನೇ ಮಾತಾಡಬೇಕೆಂದು ಕಟ್ಟಪ್ಪಣೆ ಮಾಡಿದ. ಹೆಂಡತಿ ಶಾಹೀದಾ, ಮಕ್ಕಳು, ಊರಿಂದ ವಿಸಿಟ್ ವೀಸಾದಲ್ಲಿ ಬಂದ ತಾಯಿ, ಎಲ್ಲರೂ ಅವನ ಕೆಲಸಕ್ಕಾಗಿ ಕನ್ನಡದಲ್ಲೇ ಜಗಳವಾಡುವುದನ್ನು ಕಲಿತರು.

ಮೂರು ವರ್ಷದಲ್ಲಿ ಅವನು ಹೆಸರು ಮಾಡಿದ. ಯಾರ ಮುಲಾಜೂ ಇಲ್ಲದೆ, ತಪ್ಪು ಮಾಡಿದ ಆಟಗಾರನ ನಂಬರು ಹೇಳಿಯೇ ಮಾತಾಡುವವನು ಎಂದು ಜನ ಕೊಂಡಾಡಿದರು. ಹೊಗಳಿಕೆ ಯಾರಿಗೆ ಬೇಡ? ಅವನಿಗಂತೂ ಅಂಗಡಿಯಲ್ಲಿ ಝಿಪ್ ಎಳೆದ ಅಷ್ಟೂ ವರ್ಷಗಳ ಹಸಿವಿತ್ತು.

ಸಾಲಿಮನಿಗೆ ಹದಿನೆಂಟು. ಶಾಹೀದಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳ ತವರು ರಿಯಾದ್ ಆದ್ದರಿಂದ ಮಗ ಸೌದಿಯಲ್ಲೇ ಹುಟ್ಟಿದ. ಈಗ ಅದೇ ಅವನ ಪಾಲಿಗೆ ವರವಾಗಿತ್ತು. ಇಲ್ಲೇ ಹುಟ್ಟಿದ ಪರದೇಶಿ ಹುಡುಗರನ್ನು ಇಲ್ಲಿನ ಕ್ಲಬ್ಬುಗಳು ತೆಗೆದುಕೊಳ್ಳಬಹುದಿತ್ತು. ಯಾನ್ಬು ಪಟ್ಟಣದ ಒಂದು ಕ್ಲಬ್ಬಿನ ಯುವ ತಂಡದಲ್ಲಿ ಅಂಥ ಒಂದೇ ಒಂದು ಜಾಗ ಖಾಲಿ ಇತ್ತು. ಅಲ್ಲಿಯ ಕೋಚ್ ಅಹ್ಮದ್ ಮಲಾಜಿನ ಹುಡುಗರ ತಂಡದಲ್ಲಿ ಸಾಲಿಮನನ್ನು ಎರಡು ಸಲ ನೋಡಿ ಮೆಚ್ಚಿದ್ದ. ಫೈನಲ್ ನೋಡಿ ಹೇಳುತ್ತೇನೆ ಎಂದಿದ್ದ. ಮುಂದಿನ ವರ್ಷ ಸಾಲಿಮನ ವಯಸ್ಸು ಮೀರುತ್ತಿತ್ತು. ಸಿಕ್ಕರೆ ಈಗ, ಇಲ್ಲದಿದ್ದರೆ ಇಲ್ಲ.

ಆ ಸಂಜೆ ಶಾಹೀದಾ, ಖದೀಜತ್, ಅಫ್ರಾ ಮೂವರೂ ಟಿವಿ ಮುಂದೆ ಕೂತರು. ಗಲ್ಫಿನ ಕನ್ನಡಿಗರಿಗಾಗಿ ಚಾನೆಲ್ ಆ ಪಂದ್ಯವನ್ನೂ ನೇರ ತೋರಿಸುತ್ತಿತ್ತು. ಕಾಮೆಂಟರಿಗೆ ಹಮ್ಮಾದ್, ಜೊತೆಗೆ ಮೈಸೂರಿನ ದೊರೆಸ್ವಾಮಿ. ಆತ ಹಗಲು ಒಂದು ಆಸ್ಪತ್ರೆಯ ಸ್ಟೋರ್ ನೋಡಿಕೊಂಡು ಸಂಜೆ ನಿರೂಪಕನಾಗುತ್ತಿದ್ದ. ನಾಲ್ಕನೇ ನಂಬರಿನ ಅಂಗಿಯಲ್ಲಿ ಸಾಲಿಮ್ ಗೋಡೆಯ ಹಾಗೆ ನಿಂತು ಆಡಿದ. ಪಂದ್ಯ ಮುಗಿಯಲು ಏಳು ನಿಮಿಷ ಇರುವಾಗ ಎದುರಾಳಿಗಳು ಚೆಂಡನ್ನು ಉದ್ದಕ್ಕೆ ಒದ್ದರು. ಸಾಲಿಮ್ ಕೈ ಎತ್ತಿ ಒಂದು ಹೆಜ್ಜೆ ಮುಂದೆ ಬಂದ. ಇಬ್ಬರು ಅವನೊಂದಿಗೆ ಬಂದರು. ಬಲಗಡೆಯ ಹುಡುಗ ನಿಂತಲ್ಲೇ ನಿಂತ. ರೆಫ್ರಿ ಸೀಟಿ ಊದಲಿಲ್ಲ. ಫಾರ್ವರ್ಡ್ ಒಬ್ಬನೇ ಓಡಿ ಗೋಲು ಹೊಡೆದ.

"ನಾಲ್ಕನೇ ನಂಬರಿನ ತಪ್ಪು!" ಹಮ್ಮಾದನ ದನಿ ಟಿವಿಯಿಂದ ಗುಡುಗಿತು. "ನೂರಕ್ಕೆ ನೂರು ನಾಲ್ಕನೇ ನಂಬರಿನ ತಪ್ಪು. ಹಿಂದೆ ಓಡಬೇಕಾದ ಹೊತ್ತಿನಲ್ಲಿ ಮುಂದೆ ಬಂದರೆ ಇನ್ನೇನಾಗುತ್ತದೆ? ಇದು ಅಹಂಕಾರದ ಆಟ. ಯಾರು ಕಲಿಸಿದರೋ ಈ ಬುದ್ಧಿಯನ್ನು!"

ದೊರೆಸ್ವಾಮಿಗೆ ಇರಿಸುಮುರಿಸಾಯಿತು. "ಸಾರ್, ನಾಲ್ಕನೇ ನಂಬರು ನಿಮ್ಮ ಮಗನೇ ಅಲ್ವಾ?"

"ಮಗನಾದರೇನು? ತಪ್ಪು ತಪ್ಪೇ."

ಶಾಹೀದಾ ರಿಮೋಟ್ ಹುಡುಕಿದಳು. ಅದು ಅವಳ ಮಡಿಲಲ್ಲೇ ಇತ್ತು. "ದಾದಿ, ಇವತ್ತು ಊಟದಲ್ಲಿ ಅಬ್ಬಾ ಅವನಿಗೆ ಮುಂದೆ ಬಾ ಅಂತಲೇ ಹೇಳಿದ್ದಲ್ವಾ?" ಎಂದು ಅಫ್ರಾ ಕೇಳಿದಳು. ಖದೀಜತ್ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ರಾತ್ರಿ ಹಮ್ಮಾದ್ ಕುನಾಫಾ ಸಿಹಿತಿಂಡಿಯ ಪೊಟ್ಟಣ ಹಿಡಿದು ಮನೆಗೆ ಬಂದ. ಫೋನು ಒಂದೇ ಸಮನೆ ಕೂಗುತ್ತಿತ್ತು. ಸ್ವಂತ ಮಗನನ್ನೂ ಬಿಡದ ಕಾಮೆಂಟೇಟರ್ ಎಂದು ಆ ತುಣುಕು ಆಗಲೇ ಮಂಗಳೂರು, ಬೆಂಗಳೂರು ಸುತ್ತಿತ್ತು.

"ನೀವೇ ಹೇಳಿದ್ದಲ್ವಾ ಅಬ್ಬಾ?" ಸಾಲಿಮ್ ಇನ್ನೂ ಅಂಗಿ ಬದಲಿಸಿರಲಿಲ್ಲ. "ನಾನು ಬೇಡ ಅಂದೆ. ನೀವೇ ಹೇಳಿದ್ದು."

"ಹೇಳಿದ್ದು ಹೌದು ಮಾರಾಯ. ಆದ್ರೆ ಎಲ್ಲಾ ನೋಡಿ ಮಾಡ್ಬೇಕಲ್ಲ? ಬಲಗಡೆಯವ ಬರೋದಿಲ್ಲ ಅಂತ ಗೊತ್ತಾದ ಮೇಲೂ ಕೈ ಎತ್ತುವುದಾ? ಲೈವ್ ಅಂದ್ರೆ ಬಾಯಿಗೆ ಬಂದದ್ದು ಬರ್ತದೆ. ನಾನು ಮಗನ ಪರ ಮಾತಾಡಿದ್ರೆ ನಾಳೆ ನನ್ನನ್ನು ಯಾರು ನಂಬ್ತಾರೆ?"

"ಪರ ಮಾತಾಡಿ ಅಂತ ಯಾರು ಹೇಳಿದ್ದು?" ಶಾಹೀದಾ ಅಡುಗೆಮನೆಯಿಂದ ಬಂದಳು. "ಸುಮ್ಮನಿದ್ದಿದ್ರೆ ಸಾಕಿತ್ತು. ಯಾರು ಕಲಿಸಿದ್ರೋ ಅಂತ ಬೇರೆ ಕೇಳ್ಬೇಕಿತ್ತಾ? ಆ ಮಾತು ನಿಮ್ಮ ಬಾಯಲ್ಲಿ ಹೇಗೆ ಬಂತು?"

ಕುನಾಫಾ ಪೊಟ್ಟಣದಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ಶಾಹೀದಾ ಅದನ್ನು ತಾನು ಕೆಲಸ ಮಾಡುವ ಕ್ಲಿನಿಕ್ಕಿಗೆ ಒಯ್ದು ಅಲ್ಲಿಯವರಿಗೆ ಹಂಚಿದಳು.

ನಾಲ್ಕು ದಿನ ಕಳೆದರೂ ಯಾನ್ಬುವಿನಿಂದ ಸುದ್ದಿ ಇಲ್ಲ. ಐದನೆಯ ದಿನ ತಂಡದ ಕೋಚ್ ಗುಲಾಮ್ ಮುಹಮ್ಮದ್ ಸಾಲಿಮನಿಗೆ ಫೋನ್ ಮಾಡಿ ಇದ್ದದ್ದನ್ನು ಹೇಳಿದ. ಅಹ್ಮದನಿಗೆ ಗೋಲಿನ ಚಿಂತೆ ಇಲ್ಲವಂತೆ. ಕೋಚ್ ಬೇಡ ಎಂದದ್ದನ್ನು ಈ ಹುಡುಗ ಯಾಕೆ ಮಾಡಿದ, ಅದೇ ಅವನ ಪ್ರಶ್ನೆಯಂತೆ. "ನನಗೂ ಅದೇ ಬೇಜಾರು ಮಗಾ," ಎಂದ ಗುಲಾಮ್. ತಂದೆಯ ಹೆಸರು ಹೇಳಲು ಸಾಲಿಮನಿಗೆ ನಾಲಿಗೆ ಏಳಲಿಲ್ಲ. ತಪ್ಪಾಯಿತು ಸರ್ ಎಂದಷ್ಟೇ ಹೇಳಿ ಫೋನಿಟ್ಟ.

ಆ ದಿನದ ಊಟಕ್ಕೆ ಅಂಜಲ್ ಮೀನಿನ ಸಾರು ಇತ್ತು. ಶಾಹೀದಾ ಗಂಡನಿಗೆ ಬಡಿಸುತ್ತಾ, "ನೀವೊಂದು ಫೋನ್ ಮಾಡಿ ಅಹ್ಮದನಿಗೆ. ಹೇಳಿದ್ದು ನಾನು ಅಂತ ಒಂದೇ ಮಾತು. ಹುಡುಗ ಅಪ್ಪನ ಮಾತು ಕೇಳಿದ್ದು ಅಂತ ಗೊತ್ತಾದ್ರೆ ಅವನೇನು ತಪ್ಪು ತಿಳ್ಕೊಳ್ಳೋದಿಲ್ಲ," ಎಂದಳು.

"ಮಾಡುವ."

"ಮಾಡುವ ಅಂದ್ರೆ ಯಾವಾಗ?"

"ಊಟ ಮಾಡ್ಲಿಕ್ಕೆ ಬಿಡ್ತೀಯಾ ಇಲ್ವಾ?"

ಖದೀಜತ್ ಕೈ ತೊಳೆದು ಬಂದು ಮಗನ ಎದುರೇ ಕೂತಳು. "ಕೋಲ್ಕತ್ತಾದಲ್ಲಿ ನೀನು ಆಡುವಾಗ ಒಬ್ಬ ಟಿವಿಯಲ್ಲಿ ಎಂತ ಹೇಳಿದ್ದ, ನೆನಪುಂಟಾ? ಇವನಿಂದಲೇ ಸೋತದ್ದು, ಇವನನ್ನು ಮನೆಗೆ ಕಳಿಸಿ ಅಂತ. ಭಾರತ ತಂಡಕ್ಕೆ ನಿನ್ನನ್ನು ತಗೊಳ್ಳದೇ ಇದ್ದದ್ದು ಆ ಮಾತಿಂದಲೇ ಅಂತ ಎಷ್ಟು ವರ್ಷ ಅತ್ತಿದ್ದೀಯಾ ನೀನು? ನನ್ನ ಹತ್ರವೇ ಅಲ್ವಾ ಅತ್ತದ್ದು? ಫೋನ್ ಮಾಡು."

ಮರುದಿನ ಹಮ್ಮಾದ್ ಫೋನ್ ಮಾಡಿದೆ ಎಂದ. "ಎಲ್ಲಾ ಬಿಡಿಸಿ ಹೇಳಿದ್ದೇನೆ. ನೋಡುವ ಅಂದ." ಸಾಲಿಮ್ ಅಂದು ವಾರದ ನಂತರ ಹೊಟ್ಟೆ ತುಂಬ ಉಂಡ. ಶೂ ತೊಳೆದು ಬಾಲ್ಕನಿಯಲ್ಲಿ ಒಣಗಲು ಇಟ್ಟ. ಎಲ್ಲರೊಡನೆ ತಾನಾಗಿಯೇ ಮಾತಾಡಿದ. ಶಾಹೀದಾಳೂ ಗಂಡನಿಗೆ ಕೇಳದೆಯೇ ಎರಡನೇ ಸಲ ಚಹಾ ಕೊಟ್ಟಳು.

ಇನ್ನೊಂದು ವಾರ ಹೋಯಿತು. ಚಾನೆಲ್ ಹಮ್ಮಾದನಿಗೆ ಸ್ವಂತದ್ದೊಂದು ಕಾರ್ಯಕ್ರಮ ಕೊಟ್ಟಿತು. ಕಾಮೆಂಟರಿಯ ಸಣ್ಣ ಪೆಟ್ಟಿಗೆಯಿಂದ ದೊಡ್ಡ ಸ್ಟುಡಿಯೋಗೆ ಬಡ್ತಿ. ಹೆಸರು 'ನೇರ ಮಾತು'. ಜಾಹೀರಾತಿನಲ್ಲಿ ನಾಲ್ಕನೇ ನಂಬರಿನ ಆ ಗೋಲನ್ನೇ ದಿನಕ್ಕೆ ಹತ್ತು ಸಲ ತೋರಿಸುತ್ತಿದ್ದರು. ಸಾಲಿಮ್ ಹಾಲ್‌ಗೆ ಬಂದರೆ ಅಫ್ರಾ ಓಡಿಹೋಗಿ ಟಿವಿ ಆರಿಸುತ್ತಿದ್ದಳು.

ಯಾನ್ಬುವಿನಿಂದ ಮಾತ್ರ ಸದ್ದಿಲ್ಲ. ಶಾಹೀದಾಳಿಗೆ ತಡೆಯಲಾಗಲಿಲ್ಲ. ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಕೂತು ಅವಳ ಅರಬಿ ಸರಾಗವಾಗಿತ್ತು. ಊಟದ ಬಿಡುವಿನಲ್ಲಿ ಅಹ್ಮದನಿಗೆ ತಾನೇ ಫೋನ್ ಮಾಡಿ, ಸಾಲಿಮನ ತಂದೆ ಹೇಳಿದ ಮೇಲೆ ಏನು ಯೋಚನೆ ಮಾಡಿದಿರಿ ಎಂದು ಕೇಳಿದಳು. ಆ ಕಡೆಯಿಂದ ಬಂದ ಉತ್ತರವನ್ನು ಅವಳು ಎರಡೆರಡು ಸಲ ಹೇಳಿಸಿ ಕೇಳಿದಳು. ಹಮ್ಮಾದ್ ಫೋನ್ ಮಾಡಿದ್ದು ನಿಜ. ಆದರೆ ಅವನು ಹೇಳಿದ್ದೇ ಬೇರೆ. ನಾನೂ ಹಿಂದೆ ಓಡು ಎಂದೇ ಹೇಳಿದ್ದೆ, ಹುಡುಗ ಮನೆಯಲ್ಲೂ ಹೀಗೆಯೇ, ಯಾರ ಮಾತನ್ನೂ ಕೇಳುವವನಲ್ಲ, ಅವನಿಗೆ ಒಂದು ಪಾಠವಾಗಲಿ ಎಂದಿದ್ದ.

ಶಾಹೀದಾ ಫೈನಲ್ ದಿನದ ಊಟದ ಮಾತನ್ನೆಲ್ಲ ಹೇಳಿದಳು. ಅಹ್ಮದ್ ತಾಳ್ಮೆಯಿಂದ ಕೇಳಿದ. ನೀವು ತಾಯಿ, ತಾಯಿ ಮಗನ ಪರ ಹೇಳುವುದು ಸಹಜ ಎಂದ. ತಂದೆ ತನ್ನ ಬಾಯಿಂದಲೇ ಹೇಳಿದರೆ ಹುಡುಗನನ್ನು ತೆಗೆದುಕೊಳ್ಳುತ್ತೇನೆ, ಬುಧವಾರ ಮಧ್ಯಾಹ್ನದ ತನಕ ಜಾಗ ಯಾರಿಗೂ ಕೊಡುವುದಿಲ್ಲ ಎಂದು ಮಾತು ಕೊಟ್ಟ. ಒಳ್ಳೆಯ ಮನುಷ್ಯ.

ಅವಳು ಮನೆಗೆ ಬಂದಾಗ ಹಮ್ಮಾದ್ ಕನ್ನಡಿ ಮುಂದೆ ನಿಂತು ಮೀಸೆಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದ.

"ಅಹ್ಮದನ ಹತ್ರ ಮಾತಾಡಿದೆ," ಎಂದಳು ಶಾಹೀದಾ.

ಬ್ರಷ್ ನಿಂತಿತು. "ನಿನಗೆ ಯಾರು ಹೇಳಿದ್ದು ಮಾಡ್ಲಿಕ್ಕೆ?"

"ಮೈದಾನದಲ್ಲಿ ಬೈದದ್ದು ಬಾಯಿ ತಪ್ಪಿ ಅಂತ ನಂಬಿದೆ. ಇದು? ಇದೂ ಬಾಯಿ ತಪ್ಪಿಯಾ? ಮಗನ ಹೊಟ್ಟೆಗೆ ಹೊಡೆದು ಬಂದು, ಎಲ್ಲಾ ಬಿಡಿಸಿ ಹೇಳಿದ್ದೇನೆ ಅಂದ್ರಲ್ಲ ನಮ್ಮ ಹತ್ರ. ಆ ಹುಡುಗ ಶೂ ತೊಳೆದು ಇಟ್ಟಿದ್ದಾನೆ."

"ಅವನೇ ಕೇಳಿದ ಮಾರಾಯ್ತಿ, ನೀವು ಎಂತ ಹೇಳಿದ್ರಿ ಅಂತ. ನನಗೆ ಕೂಡ್ಲೇ ಹೇಳ್ಲಿಕ್ಕೆ ಆಗ್ಲಿಲ್ಲ. ಚಾನೆಲಿನವರು ಆಗಲೇ ಕಾರ್ಯಕ್ರಮದ ಮಾತು ತೆಗೆದಿದ್ರು. ಹೆಸರೇ ನೇರ ಮಾತು. ಕಲಿಸಿದ್ದು ನಾನೇ ಅಂದ್ರೆ ನನ್ನ ಗತಿ ಎಂತ?"

"ನಿಜ ಹೇಳಿದ ಹಾಗೆ ಆಗ್ತದೆ, ಅಷ್ಟೇ."

ಸಾಲಿಮ್ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನನ್ನು ಕಂಡು ಹಮ್ಮಾದನ ಮುಖ ಇಳಿದುಹೋಯಿತು. ಅರ್ಧ ಕಪ್ಪು ಅರ್ಧ ಬಿಳಿ ಮೀಸೆಯಲ್ಲೇ ಬಂದು ಮಗನ ಹೆಗಲ ಮೇಲೆ ಕೈ ಇಟ್ಟ. "ತಪ್ಪಾಯ್ತು ಮಗಾ. ನಾನೇ ಸರಿ ಮಾಡ್ತೇನೆ. ಮಂಗಳವಾರ ಮೊದಲ ಕಾರ್ಯಕ್ರಮ. ನೀನೂ ಬಾ ನನ್ನ ಜೊತೆ. ದೊರೆಸ್ವಾಮಿ ಕೇಳ್ತಾನೆ, ಯಾರು ಕಲಿಸಿದ್ದು ಅಂತ. ನಾನೇ ಕೇಳಿಸ್ತೇನೆ. ಎಲ್ಲರ ಮುಂದೆ ಹೇಳ್ತೇನೆ, ಕಲಿಸಿದ್ದು ನಾನು ಅಂತ. ಅರಬಿಯಲ್ಲೂ ಹೇಳ್ತೇನೆ. ಅಹ್ಮದನಿಗೆ ಅದನ್ನೇ ಕಳಿಸುವ."

"ಟಿವಿ ಎಂತಕ್ಕೆ? ಈಗ ಫೋನ್ ತೆಗೀರಿ," ಎಂದಳು ಶಾಹೀದಾ.

"ಫೋನಿನಲ್ಲಿ ಈಗ ಹೇಳಿದ್ರೆ ಹೆಂಡತಿ ಹೇಳಿಸಿದ್ದು ಅಂತ ತಿಳ್ಕೊಳ್ತಾನೆ. ಟಿವಿಯಲ್ಲಿ ಹೇಳಿದ ಮಾತಿಗೆ ತೂಕ ಉಂಟು. ನನ್ನನ್ನು ನಂಬು."

ಸಾಲಿಮ್ ತಾಯಿಯ ಕಡೆ ನೋಡಿ, "ಇರ್ಲಿ ಅಮ್ಮಾ. ಅಬ್ಬಾ ಹೇಳ್ತಾರೆ," ಎಂದ.

ಮಂಗಳವಾರ ಮಧ್ಯಾಹ್ನ ಶಾಹೀದಾ ಮಗನ ನೀಲಿ ಅಂಗಿಗೆ ಎರಡು ಸಲ ಇಸ್ತ್ರಿ ಹಾಕಿದಳು. ಖದೀಜತ್ ಅವನ ತಲೆಯ ಮೇಲೆ ಕೈ ಇಟ್ಟು ಏನೋ ಓದಿ ಊದಿದಳು. ಸಂಜೆ ಆರಕ್ಕೆ ಮೂವರೂ ಟಿವಿ ಮುಂದೆ ಕೂತರು. ಅಹ್ಮದನಿಗೆ ಕಳಿಸಲೆಂದು ಅಫ್ರಾ ಫೋನನ್ನು ಟಿವಿಗೆ ಎದುರಾಗಿ ಹಿಡಿದುಕೊಂಡಳು.

ಸ್ಟುಡಿಯೋದಲ್ಲಿ ಬೆಳಕು ಝಗಝಗಿಸುತ್ತಿತ್ತು. ಮೊದಲು ಹಮ್ಮಾದನ ಹಳೆಯ ಆಟದ ಚಿತ್ರಗಳು, ಆಮೇಲೆ ಆ ಗೋಲು, ಆಮೇಲೆ ಚಪ್ಪಾಳೆ. ಎಷ್ಟು ಜನ ನೋಡುತ್ತಿದ್ದಾರೆಂಬ ಅಂಕಿ ಪರದೆಯ ಮೂಲೆಯಲ್ಲಿ ಏರುತ್ತಲೇ ಇತ್ತು. ಹಮ್ಮಾದನ ಕಣ್ಣು ಆಗಾಗ ಅತ್ತ ಹೋಗುವುದು ಮನೆಯಲ್ಲಿ ಕೂತವರಿಗೂ ಕಾಣುತ್ತಿತ್ತು. ಅಲ್ಲಿಗೆ ಬಂದವರೆಲ್ಲ ಅವನನ್ನು ಹಮ್ಮಾದ್ ಸರ್ ಎಂದೇ ಕರೆಯಬೇಕೆಂದು ಚಾನೆಲಿನವರು ಹೇಳಿಕೊಟ್ಟಿದ್ದರು.

ದೊರೆಸ್ವಾಮಿ ಸಾಲಿಮನತ್ತ ತಿರುಗಿದ. "ನೋಡಪ್ಪ ಸಾಲಿಮ್, ಎಲ್ಲರ ಪ್ರಶ್ನೆನೂ ಒಂದೇ. ಆವತ್ತು ಮುಂದೆ ಬಾ ಅಂತ ನಿನಗೆ ಹೇಳಿಕೊಟ್ಟೋರು ಯಾರು?"

"ಅದನ್ನು ಅಬ್ಬಾ ಹೇಳ್ತಾರೆ," ಎಂದ ಸಾಲಿಮ್. ಅವನ ಮುಖದಲ್ಲಿ ಸಣ್ಣದೊಂದು ನಗು ಇತ್ತು.

ಕ್ಯಾಮೆರಾ ಹಮ್ಮಾದನತ್ತ ಬಂತು. ಅವನು ಅಂಗಿಗೆ ಸಿಕ್ಕಿಸಿದ ಮೈಕನ್ನು ಸರಿಮಾಡಿಕೊಂಡ. ಗಂಟಲು ಸರಿಮಾಡಿಕೊಂಡ. ಮೂಲೆಯ ಅಂಕಿಯನ್ನು ಇನ್ನೊಮ್ಮೆ ನೋಡಿದ.

"ನೋಡಿ ದೊರೆಸ್ವಾಮಿಯವರೇ, ಈಗಿನ ಹುಡುಗರಿಗೆ ಗುರು ಯಾರು? ಮೊಬೈಲು. ಅದರಲ್ಲಿ ಯುರೋಪಿನ ಆಟ ನೋಡುತ್ತಾರೆ, ಇಲ್ಲಿ ಬಂದು ಅದನ್ನೇ ಮಾಡಲು ಹೋಗುತ್ತಾರೆ. ಹನ್ನೆರಡು ವರ್ಷ ಆಡಿದ ಅಪ್ಪ ಮನೆಯಲ್ಲಿದ್ದಾನೆ. ಅವನನ್ನು ಕೇಳುವವರಿಲ್ಲ!"

"ನಮ್ಮನೇಲೂ ಅದೇ ಕಥೆ ಸಾರ್," ಎಂದು ದೊರೆಸ್ವಾಮಿ ಗಹಗಹಿಸಿ ನಕ್ಕ. ಪಾಪ, ಅವನಿಗೇನು ಗೊತ್ತು.

ಸಾಲಿಮನ ಮುಖದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ತಂದೆಯನ್ನು ನೋಡುತ್ತಲೇ ಇದ್ದ. ನಂತರ ಕ್ಯಾಮೆರಾದತ್ತ ತಿರುಗಿ, "ಹೌದು, ಹಮ್ಮಾದ್ ಸರ್ ಹೇಳಿದ್ದು ಸರಿ. ತಪ್ಪು ನನ್ನದೇ," ಎಂದ.

"ಅಮ್ಮಾ, ಇದನ್ನು ಕಳಿಸುವುದಾ?" ಎಂದು ಕೇಳಿದಳು ಅಫ್ರಾ.

"ಬೇಡ. ನಿಲ್ಲಿಸು," ಎಂದಳು ಶಾಹೀದಾ.

ಹಮ್ಮಾದ್ ಮನೆಗೆ ಬಂದವನು ಬಾಗಿಲಲ್ಲೇ ಮಾತು ಶುರು ಮಾಡಿದ. ಅಷ್ಟೊಂದು ಜನ ನೋಡುತ್ತಿದ್ದರು, ಮೊದಲ ದಿನವೇ ಹಾಗೆ ಹೇಳಿದರೆ ಕಾರ್ಯಕ್ರಮವೇ ಮುಳುಗುತ್ತಿತ್ತು, ನಾಳೆ ಬೆಳಿಗ್ಗೆ ಖಂಡಿತ ಅಹ್ಮದನಿಗೆ ಫೋನ್ ಮಾಡುತ್ತೇನೆ ಎಂದ.

"ನಾಳೆ ಬುಧವಾರ. ಮಾಡ್ತೀರಾ?" ಎಂದಳು ಶಾಹೀದಾ.

"ಅಲ್ಲಾಹನಾಣೆ."

ಬುಧವಾರ ಬೆಳಿಗ್ಗೆ ಅವನು ಮಾಡಲಿಲ್ಲ. ಮಧ್ಯಾಹ್ನ ಚಾನೆಲಿನವರ ಊಟದ ಕೂಟವಿತ್ತು. ಸಂಜೆ ಮಾಡಿದನಂತೆ. ಅಷ್ಟರಲ್ಲಿ ಅಹ್ಮದ್ ತಾಯಿಫಿನ ಹುಡುಗನೊಬ್ಬನಿಗೆ ಆ ಜಾಗ ಕೊಟ್ಟಾಗಿತ್ತು. ತಡವಾಯಿತು ಎಂದು ಅಹ್ಮದ್ ಸಾಲಿಮನಿಗೇ ಸಂದೇಶ ಕಳಿಸಿದ. ಸಾಲಿಮ್ ಅದನ್ನು ಓದಿ ತಾಯಿಗೆ ತೋರಿಸಿದ. ಶಾಹೀದಾ ಅವನ ತಲೆಯನ್ನು ಎದೆಗೊತ್ತಿಕೊಂಡು ಗಟ್ಟಿಯಾಗಿ ಅತ್ತಳು. ಗಂಡನಿಗೆ ಕೇಳಿಸಲಿ ಎಂದೇ ಅತ್ತಳು. ಸಾಲಿಮ್ ಅಳಲಿಲ್ಲ.

ಶುಕ್ರವಾರ ಬಂತು. ನಮಾಜು ಮುಗಿಯಿತು, ಅಫ್ರಾ ಸುಫ್ರಾ ಹಾಸಿದಳು. ಹುರಿದ ಮೀನು, ಅನ್ನ, ಸಾರು. ಎಲ್ಲರೂ ತಲೆ ತಗ್ಗಿಸಿ ಉಣ್ಣುತ್ತಿದ್ದರು.

"ಸಾಲಿಮ್, ಆ ಮೀನಿನ ತಟ್ಟೆ ಇಲ್ಲಿ ಕೊಡು ಮಗಾ."

ಸಾಲಿಮ್ ಎರಡೂ ಕೈಯಲ್ಲಿ ತಟ್ಟೆ ಎತ್ತಿ ಕೊಟ್ಟ. "ತಗೊಳ್ಳಿ ಸರ್."

ಅಫ್ರಾ ತಮಾಷೆ ಎಂದುಕೊಂಡು ಕಿಸಕ್ಕನೆ ನಕ್ಕಳು. ಹಮ್ಮಾದನೂ ನಕ್ಕ. "ಎಂತ ಸರ್ ಮಾರಾಯ? ಇದು ಸ್ಟುಡಿಯೋ ಅಲ್ಲ, ಮನೆ."

"ಗೊತ್ತುಂಟು ಸರ್."

ಸಾಲಿಮನ ದನಿಯಲ್ಲಿ ಕೋಪವಿರಲಿಲ್ಲ, ಕುಹಕವೂ ಇರಲಿಲ್ಲ. ಹಿರಿಯರಾದ ಬೇರೆಯವರೊಡನೆ ಮಾತಾಡುವ ಹಾಗೆ ಮಾತಾಡಿದ. ಅಫ್ರಾಳ ನಗು ನಿಂತಿತು. ಹಮ್ಮಾದ್ ಹೆಂಡತಿಯ ಕಡೆ ತಿರುಗಿದ.

"ನೀನು ಹೇಳು ಅವನಿಗೆ."

"ನಾನೆಂತ ಹೇಳುವುದು?" ಶಾಹೀದಾ ಅನ್ನದಿಂದ ಕಣ್ಣೆತ್ತಲಿಲ್ಲ. "ಮರ್ಯಾದೆ ಕೊಟ್ಟೇ ಮಾತಾಡ್ತಿದ್ದಾನಲ್ಲ."

"ಅಮ್ಮಾ, ನೀವಾದ್ರೂ..." ಎಂದು ಹಮ್ಮಾದ್ ತಾಯಿಯ ಮುಖ ನೋಡಿದ. ಖದೀಜತ್ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಮಗನಿಗೆ ಮುಳ್ಳು ಬಿಡಿಸಲು ಬರುವುದಿಲ್ಲವೆಂದು ನಲವತ್ತು ವರ್ಷದಿಂದ, ಜೊತೆಗಿದ್ದಾಗಲೆಲ್ಲ, ಆ ಕೆಲಸವನ್ನು ಅವಳೇ ಮಾಡುತ್ತಾ ಬಂದಿದ್ದಳು. ಈಗ ಬಿಡಿಸಿದ ತುಂಡನ್ನು ಮೊಮ್ಮಗನ ಅನ್ನದ ಮೇಲೆ ಇಟ್ಟು, "ತಿನ್ನು," ಎಂದಳು.